ಗೋದಾಮಿನ ಟಿವಿಯೊಳಗಿನ ಔಷಧಿ

ಈಗ ದಾವಣಗೆರೆಯಲ್ಲಿ ಗೇಮಿಂಗ್ ಕೆಫೆ ತೆಗೆಯುವವರು ಮೊದಲು ಗೋಡೆಗೆ ನೀಲಿ ಲೈಟು ಹಾಕಿಸುತ್ತಾರೆ. ಆಮೇಲೆ ಎಸಿ, ಆಮೇಲೆ ತಿರುಗುವ ಕುರ್ಚಿ. ಎಲ್ಲ ಖರ್ಚೂ ಮುಗಿದ ಮೇಲೆ, ಯಾರೋ ಹೇಳಿದರೆಂದು ನನ್ನ ಮನೆ ಹುಡುಕಿಕೊಂಡು ಬಂದು, "ಅಂಕಲ್, ಈ ಲೈನಿನಾಗೆ ನಿಮ್ಮ ಅನುಭವ ಒಂಚೂರು ಹೇಳ್ರಿ" ಅನ್ನುತ್ತಾರೆ. ಚಹಾ ಕುಡಿದು, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಅದಕ್ಕೇ ಬರೆದಿಟ್ಟುಬಿಡೋಣ ಅನ್ನಿಸಿತು. ಓದಿಯೂ ತೋಚಿದ್ದನ್ನೇ ಮಾಡಲಿ, ನನ್ನ ಚಹಾಪುಡಿಯಾದರೂ ಉಳಿಯುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಹದಡಿಯಿಂದ ಸೈಕಲ್ ತುಳಿದುಕೊಂಡು ಬಂದು ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಬೆಸುಗೆ ಕಲಿತೆ. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡದ್ದನ್ನು ಕಂಡವರು ಯಾರಾದರೂ ಈ ಜಿಲ್ಲೆಯಲ್ಲಿದ್ದರೆ ಮನೆಗೆ ಬರಲಿ, ಊಟ ಹಾಕಿ ಕಳಿಸುತ್ತೇನೆ. ತೊಂಬತ್ತರ ದಶಕದ ಕೊನೆಗೆ ರೇಡಿಯೋ ಕೇಳುವವರೇ ಇಲ್ಲದಂತಾಗಿ, ಮಂಡಿಪೇಟೆಯ ಬಸವರಾಜ ತನ್ನಪ್ಪನ ಗೋದಾಮಿನ ಒಂದು ಕೋಣೆಯಲ್ಲಿ ವಿಡಿಯೋ ಗೇಮ್ ಅಂಗಡಿ ತೆಗೆದಾಗ ಅಲ್ಲಿಗೆ ಸೇರಿಕೊಂಡೆ. ಬಂಡವಾಳ ಬಸವರಾಜನದು, ಬುದ್ಧಿ ನನ್ನದು. ಅವನು ಇದನ್ನು ಬೇರೆ ರೀತಿ ಹೇಳುತ್ತಿದ್ದ.

ಮೊದಲ ಪಾಠ. ಆಗಿನ ಮಶೀನುಗಳನ್ನು ತಲೆಕೆಳಗು ಮಾಡಿ ನಡೆಸಬೇಕಿತ್ತು. ಡಿಸ್ಕ್ ಓದುವ ಕಣ್ಣು ಒಂದು ಸಣ್ಣ ಪ್ಲಾಸ್ಟಿಕ್ ಹಳಿಯ ಮೇಲೆ ಓಡಾಡುತ್ತದೆ. ದಿನವಿಡೀ ಓಡಿ ಬಿಸಿಯಾದರೆ ಆ ಹಳಿ ಸವೆದು ಕಣ್ಣು ಕೆಳಗೆ ಜೋತುಬೀಳುತ್ತದೆ. ಮಶೀನು ಮಗುಚಿದರೆ ಅದೇ ಕಣ್ಣು ಡಿಸ್ಕಿನ ಕಡೆ ವಾಲಿಕೊಂಡು ಓದಿಬಿಡುತ್ತದೆ. ಕೋಣೆಯ ನಾಲ್ಕು ಮಶೀನುಗಳೂ ಬೋರಲಾಗಿ ಮಲಗಿರುತ್ತಿದ್ದವು. ಹೊಸಬರು ಬಂದು, "ಇದೇನ್ರಿ, ಎಲ್ಲಾ ಉಲ್ಟಾ ಇಟ್ಟೀರಿ" ಅಂದರೆ, "ಆಟಾನೂ ಸತ್ತವರು ಎದ್ದು ಓಡಾಡೋದೇ ಐತೆ, ಎಲ್ಲಾ ಉಲ್ಟಾನೇ, ಕೂಡ್ರಿ" ಅನ್ನುತ್ತಿದ್ದೆ.

ಎರಡನೇ ಪಾಠ. ಡಿಸ್ಕನ್ನು ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತ ತಿರುವಬಾರದು. ನೇರ ಗೀರು ಬಿದ್ದರೆ ಮಶೀನು ಎಡವಿ ಮುಂದೆ ಹೋಗುತ್ತದೆ, ಸುತ್ತುಗೀರು ಬಿದ್ದರೆ ಅದೇ ದಾರಿಯಲ್ಲಿ ಸಿಕ್ಕಿಕೊಂಡು ನಿಂತುಬಿಡುತ್ತದೆ. ಇದನ್ನು ಬಸವರಾಜನಿಗೆ ಎಷ್ಟೋ ಸಲ ಹೇಳಿದ್ದೆ.

ಒಂದು ವರ್ಷ ಆಯುಧಪೂಜೆಗೆ ನಾನು ಊರಿಗೆ ಹೋಗಿದ್ದೆ. ಬಸವರಾಜ ಭಕ್ತಿವಂತ. ತಕ್ಕಡಿಗೆ, ಬೈಕಿಗೆ, ಕ್ಯಾಲ್ಕುಲೇಟರಿಗೆ ಎಲ್ಲಕ್ಕೂ ವಿಭೂತಿ ಎಳೆದ ಮೇಲೆ ಮಶೀನುಗಳ ಸರದಿ ಬಂತು. ಮೇಲೆ ಹಚ್ಚಿದರೆ ತಲೆಕೆಳಗಾಗಿ ಮಲಗಿದ ದೇವರ ಬೆನ್ನಿಗೆ ಹಚ್ಚಿದಂತಾಗುತ್ತದೆ ಎಂದು ಅವನಿಗೆ ಹೊಳೆದಿದೆ. ಮಗುಚಿ, ಮುಚ್ಚಳ ತೆಗೆದು, ಒಂದರೊಳಗಿದ್ದ ಡಿಸ್ಕನ್ನು ಎತ್ತಿ ಅದರ ಹೊಳೆಯುವ ಮುಖಕ್ಕೇ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದಾನೆ. ಮಾರನೇ ದಿನ ಹೆಗಲ ಟವೆಲ್ಲಿನಿಂದ ಅದನ್ನು ಊಟದ ಗಂಗಾಳ ಬೆಳಗಿದ ಹಾಗೆ ಸುತ್ತ ತಿರುವಿ ಬೆಳಗಿದ್ದಾನೆ.

"ಏನ್ ಮಾಡಿದ್ಯಪಾ ಇದು?" ಎಂದು ಕೇಳಿದೆ.

"ಪೂಜೆ ಮಾಡಿದ್ನಿ. ನೀನ್ ಮಾಡ್ತಿದ್ಯಾ? ಊರಿಗೆ ಹೋಗಿ ಹೋಳಿಗೆ ಹೊಡಿತಿದ್ದಿ."

ಪೂಜೆಗೆ ಸಿಕ್ಕಿದ್ದು ನಮ್ಮ ಅಂಗಡಿಯಲ್ಲೇ ಹೆಚ್ಚು ಓಡುತ್ತಿದ್ದ ಆಟದ ಡಿಸ್ಕು. ಆ ಆಟದ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದು ಪಟ್ಟಣಕ್ಕೆ ಯಾವುದೋ ವಿಷಾಣು ತಗುಲಿ ಜನರೆಲ್ಲ ಸತ್ತು, ಸತ್ತವರೇ ಎದ್ದು, ನಾಲಗೆ ಚಾಚಿಕೊಂಡು ಬೀದಿಯಲ್ಲಿ ತೂರಾಡುತ್ತಿರುತ್ತಾರೆ. ನಡುವೆ ಒಬ್ಬ ಧೈರ್ಯದ ಹೆಣ್ಣುಮಗಳು. ಅವಳಿಗೂ ಸೋಂಕು ತಗುಲಿ ಹಾಸಿಗೆ ಹಿಡಿಯುತ್ತಾಳೆ. ಜೊತೆಗಾರ ಹಾಳುಬಿದ್ದ ಆಸ್ಪತ್ರೆಗೆ ಹೋಗಿ, ಅಲ್ಲಲ್ಲಿ ಬಚ್ಚಿಟ್ಟ ಸಾಮಾನು ಹುಡುಕಿ, ಯಂತ್ರಕ್ಕೆ ಹಾಕಿ, ಗುಂಡಿಗಳನ್ನು ಸರಿಯಾಗಿ ಹೊಂದಿಸಿ ಆ ವಿಷಾಣುವಿಗೆ ಔಷಧಿ ತಯಾರಿಸಬೇಕು. ತಂದು ಕುಡಿಸಿದರೆ ಅವಳು ಏಳುತ್ತಾಳೆ. ಬರಹವೆಲ್ಲ ಜಪಾನಿ ಲಿಪಿಯಲ್ಲಿ. ಯಾವ ಗುಂಡಿ ಎಷ್ಟು ತಿರುವಬೇಕೆಂದು ಒಬ್ಬರನ್ನೊಬ್ಬರು ನೋಡಿ, ಸತ್ತು ಸತ್ತು ಕಲಿತದ್ದು.

ಈ ಔಷಧಿ ತಯಾರಿಸುವುದರಲ್ಲಿ ಪ್ರಕಾಶನನ್ನು ಮೀರಿಸಿದವರಿರಲಿಲ್ಲ. ಅವನು ಮೆಡಿಕಲ್ ಓದುತ್ತಿದ್ದವನು. ಕಾಲೇಜಿನಲ್ಲಿ ಔಷಧಶಾಸ್ತ್ರದ ಪರೀಕ್ಷೆಗೆ ಕೂತಾಗಲೆಲ್ಲ ನಪಾಸು, ನಮ್ಮ ಗೋದಾಮಿನಲ್ಲಿ ರ‍್ಯಾಂಕು. "ಅಲ್ಲಿ ಬರೀ ಕೇಳ್ತಾರಣ್ಣ, ಇಲ್ಲಿ ಮಾಡೋಕೆ ಬಿಡ್ತಾರೆ" ಅನ್ನುತ್ತಿದ್ದ.

ಇಂಥ ಹೊತ್ತಿನಲ್ಲಿ ಯಜಮಾನರು ಬಂದರು. ಬಸವರಾಜನ ತಂದೆ ಮರುಳಸಿದ್ದಪ್ಪನವರು. ಕುಕ್ಕುವಾಡದಿಂದ ಬಂದು ಮಂಡಿಪೇಟೆಯಲ್ಲಿ ಮೆಣಸಿನಕಾಯಿ ಸಗಟು ವ್ಯಾಪಾರ ಕಟ್ಟಿದವರು. ಬಿಳಿ ಧೋತರ, ಕರಿ ಟೋಪಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ಅವರು ಕೋಣೆಗೆ ಕಾಲಿಟ್ಟರೆ ಬಸವರಾಜನ ವಯಸ್ಸು ಹನ್ನೆರಡಕ್ಕೆ ಇಳಿಯುತ್ತಿತ್ತು.

"ಏಯ್ ಬಸ್ಯಾ, ಬ್ಯಾಡಗಿ ಮಾಲು ಬರೋದೈತೆ. ಬರೋ ಸೋಮವಾರಕ್ಕೆ ಈ ಕೋಣೆ ಖಾಲಿ ಮಾಡು. ಸಾಕಿನ್ನು ನಿನ್ನ ದೆವ್ವದಾಟ" ಅಂದರು.

ಬಸವರಾಜ ಕುರ್ಚಿ ಬಿಟ್ಟೆದ್ದು ಹೂಂ ಅಂದ. ಅವನಿಗೇನು, ಮೆಣಸಿನಕಾಯಿ ಚೀಲದ ಮೇಲೆ ಕೂತಾದರೂ ಬದುಕುತ್ತಾನೆ. ಆ ಅಂಗಡಿ ಹೋದರೆ ನಾನು ಮತ್ತೆ ಸೈಕಲ್ ಮೇಲೆ ಮನೆ ಮನೆ ತಿರುಗಿ ಟಿವಿ ರಿಪೇರಿ ಇದೆಯೇ ಎಂದು ಕೇಳಬೇಕಿತ್ತು. ಮನೆಯಲ್ಲಿ ಎರಡು ಮಕ್ಕಳು. ಏನಾದರೂ ಹೇಳಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಯಜಮಾನರ ಕಣ್ಣು ಟಿವಿಯ ಕಡೆ ಹೋಯಿತು. ಪ್ರಕಾಶ ಆಸ್ಪತ್ರೆಯ ಓಣಿಯಲ್ಲಿ ಸತ್ತವರಿಗೆ ಗುಂಡು ಹಾರಿಸುತ್ತಿದ್ದ.

"ಯಾರಪಾ ಇವ್ರೆಲ್ಲ?"

"ಕಾಯಿಲೆ ತಗುಲಿದೋರು ಯಜಮಾನ್ರೆ" ಎಂದೆ. ದೆವ್ವ ಅನ್ನಬಾರದೆಂದು ಆ ಕ್ಷಣಕ್ಕೆ ತೋಚಿತು.

"ಈ ಹುಡುಗ ಏನ್ ಓದ್ತಾನೆ?"

"ಡಾಕ್ಟ್ರಿಕಿ ಓದ್ತಾನ್ರಿ."

"ಮತ್ತೆ ರೋಗಿಗಳಿಗೆ ಗುಂಡು ಹೊಡಿತಾನಲ್ಲ. ಇದನ್ನೇ ಕಲಿಸ್ತಾರಾ ಕಾಲೇಜಿನಾಗೆ?"

ಪ್ರಕಾಶ ನಾಚಿಕೊಂಡು, "ಇಲ್ಲ ಅಜ್ಜಾರೆ, ಒಬ್ಬಾಕಿ ಮಲಗ್ಯಾಳೆ, ಆಕಿಗೆ ಔಷಧಿ ಮಾಡಾಕೆ ಬಂದೀನಿ" ಎಂದು ಹಾಸಿಗೆಯ ಕಥೆಯನ್ನೆಲ್ಲ ಹೇಳಿದ. ಯಜಮಾನರು ನಿಂತಲ್ಲೇ ಕೇಳಿದರು. ಆಮೇಲೆ ಬಸವರಾಜನ ಕುರ್ಚಿ ಎಳೆದುಕೊಂಡು ಕೂತರು. ಪ್ರಕಾಶ ಸಾಮಾನು ಹುಡುಕಿ, ಯಂತ್ರಕ್ಕೆ ಹಾಕಿ, ಗುಂಡಿ ತಿರುವಿದ. ಯಂತ್ರ ಗುಂಯ್ ಅಂದಿತು. ಅಲ್ಲಿಗೆ ಚಿತ್ರ ನಿಂತಿತು. ಆ ಚಿತ್ರ ಡಿಸ್ಕಿನ ಯಾವ ಜಾಗದಲ್ಲಿತ್ತೋ, ಸರಿಯಾಗಿ ಅಲ್ಲೇ ಬಸವರಾಜನ ಭಕ್ತಿ ಸುತ್ತು ಹಾಕಿತ್ತು.

"ಕರೆಂಟ್ ಹೋತಾ?"

"ಇಲ್ರಿ, ಡಿಸ್ಕ್ ಸಿಕ್ಕೊಂಡೈತೆ."

"ಆಕಿ?"

"ಅಲ್ಲೇ ಮಲಗಿರ್ತಾಳ್ರಿ."

ಯಜಮಾನರು ಎದ್ದುಹೋದರು. ಕೆಲಸ ಹೋಯಿತು ಎಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದರು.

"ಕೊಟ್ಯಾ ಔಷಧಿ?"

"ಇನ್ನೂ ಇಲ್ರಿ. ಅದೇ ಜಾಗದಾಗೆ ನಿಲ್ತೈತೆ."

"ಒಬ್ಬ ಹೆಣ್ಮಗಳನ್ನ ಹಂಗೇ ಮಲಗ್ಸಿ ನೀವು ಊಟ ಮಾಡಿ ಮಲಗಿದ್ರಿ?"

ಇಂಥ ಗಿರಾಕಿ ಮೊದಲೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಅಲ್ಲಿಯೇ ತೀರ್ಪು ಕೊಟ್ಟರು. "ಸೋಮವಾರದೊಳಗೆ ಆಕಿನ ಎಬ್ಬಿಸ್ರಿ. ಎದ್ಲು ಅಂದ್ರೆ ಅಂಗಡಿ ಇರ್ಲಿ. ಇಲ್ಲಾಂದ್ರೆ ಚೀಲ ಇಳಿಸ್ತೀನಿ. ಔಷಧಿ ಮುಂದೆ ಇಟ್ಕೊಂಡು ಕೊಡಾಕೆ ಬರದೋರಿಗೆ ಅಂಗಡಿ ಯಾಕ ಬೇಕು?"

ಅವರು ಹೋದ ಮೇಲೆ ಬಸವರಾಜ ಗುಟ್ಟಾಗಿ, "ಸೋಮವಾರಾನೇ ಬರ್ದಂಗೆ ಏನಾರ ಮಾಡಾಕಾಗ್ತೈತಾ?" ಎಂದು ಕೇಳಿದ. ಮಂಡಿಪೇಟೆಯ ವ್ಯಾಪಾರಿ ಹೀಗೆಯೇ ಯೋಚಿಸುವುದು.

ನಾನು ಡಿಸ್ಕ್ ರಿಪೇರಿಗೆ ಕೂತೆ. ಆ ಕಾಲದಲ್ಲಿ ಇದಕ್ಕೆ ಶಾಸ್ತ್ರವೆಂಬುದಿರಲಿಲ್ಲ, ಪವಾಡಗಳಿದ್ದವು. ಬಿಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ. ಆಟ ಒಂದು ಹೆಜ್ಜೆ ಮುಂದೆ ಹೋಗಿ ನಿಂತಿತು. ಬಾಳೆಹಣ್ಣಿನ ಸಿಪ್ಪೆ ಉಜ್ಜಿದೆ. ಇರುವೆ ಬಂದವು. ಬಸವರಾಜ ಬೆಣ್ಣೆ ಹಚ್ಚಿ ನೋಡು ಅಂದ. ಬೆಣ್ಣೆ ಬಿದ್ದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆ ನಮ್ಮ ಊರಿನವರಿಗೆ ದೋಸೆಯಿಂದ ಬಂದದ್ದು. ಬೆಂಗಳೂರಿನಿಂದ ಬೇರೆ ಡಿಸ್ಕ್ ತರಿಸೋಣವೆಂದರೆ ಸೋಮವಾರದೊಳಗೆ ಬರುವಂತಿರಲಿಲ್ಲ.

ಯಜಮಾನರು ದಿನವೂ ಬಂದು ಕೂರುತ್ತಿದ್ದರು. ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ನಾನು ಉಜ್ಜುತ್ತಿದ್ದೆ. ಧೈರ್ಯ ಮಾಡಿ ಕೇಳಿದೆ. "ಯಜಮಾನ್ರೆ, ಇದು ಬರೀ ಆಟ. ತಾವ್ಯಾಕ ಇಷ್ಟು ಮನಸ್ಸಿಗೆ ಹಚ್ಕೊಂಡೀರಿ?"

ಅವರು ಟಿವಿಯ ಕಡೆಯೇ ನೋಡುತ್ತ ಹೇಳಿದರು. "ನಾನು ಸಣ್ಣೋನಿದ್ದಾಗ ಕುಕ್ಕುವಾಡಕ್ಕೆ ಪ್ಲೇಗ್ ಬಂತು. ಇಲಿ ಬಿದ್ವು. ಊರೆಲ್ಲ ಖಾಲಿ ಮಾಡಿ ಹೊಲದಾಗೆ ಗುಡಿಸಲು ಹಾಕ್ಕೊಂಡ್ವಿ. ನಮ್ಮ ಸೋದರತ್ತೆಗೆ ಜ್ವರ ಬಂದಿತ್ತು, ಗಡ್ಡೆ ಎದ್ದಿತ್ತು. ಆಕಿನ ಮನೆಯಾಗೇ ಬಿಟ್ರು. ನಮ್ಮಪ್ಪ ದಿನಾ ಹೋಗಿ ಬಾಗ್ಲ ಹೊರಗೆ ಅಂಬ್ಲಿ ಗಡಿಗೆ ಇಟ್ಟು ಬರೋನು. ಗಡಿಗೆ ಖಾಲಿ ಆಗಿದ್ರೆ, ಅದಾಳೆ ಅಂತ. ಒಂದಿನ ಗಡಿಗೆ ತುಂಬೇ ಇತ್ತು."

ನನ್ನ ಕೈ ನಿಂತಿತು.

"ಸೂಜಿ ಹಾಕೋರು ಬಂದ್ರು, ಆಮೇಲೆ" ಅಂದರು. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಉಜ್ಜು, ನೀನು ಉಜ್ಜು."

ಆ ಡಿಸ್ಕು ಬಗ್ಗುವುದಿಲ್ಲವೆಂದು ನನಗೆ ಗೊತ್ತಾಗಿತ್ತು. ಅದೇ ಆಟದ ಇನ್ನೊಂದು ಡಿಸ್ಕು ಎಲ್ಲಿದೆಯೆಂಬುದೂ ಗೊತ್ತಿತ್ತು. ಅದು ಹರಿಹರದಲ್ಲಿ ಮಹಬೂಬನ ಹತ್ತಿರ ಇತ್ತು. ಗೊತ್ತಿದ್ದೂ ಅಷ್ಟು ದಿನ ಬಾಯಿಬಿಟ್ಟಿರಲಿಲ್ಲ.

ಮಹಬೂಬ ಮತ್ತು ನಾನು ರೇಡಿಯೋ ಅಂಗಡಿಯಲ್ಲಿ ಒಂದೇ ಮೇಜಿನ ಎರಡು ಕಡೆ ಕೂತು ಕೆಲಸ ಕಲಿತವರು. ಒಂದು ದಿನ ಅವನು ನಮ್ಮ ಉಸ್ತಾದರ ಎದುರಿಗೇ, ನನ್ನ ಬೆಸುಗೆ ಕಾಗೆ ಹಿಕ್ಕೆ ಹಾಕಿದ ಹಾಗೆ ಕಾಣುತ್ತದೆ ಅಂದ. ಉಸ್ತಾದರು ನಕ್ಕರು. ಅಂದಿನಿಂದ ಮಾತಿಲ್ಲ. ಅವನು ಹರಿಹರಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಹಿಂದೆ ಆಟದ ಅಂಗಡಿ ಹಾಕಿದ. ಫ್ಯಾಕ್ಟರಿ ಕೆಲಸ ಮುಗಿಸಿ ಬರುವವರೆಲ್ಲ ಅವನ ಗಿರಾಕಿಗಳೆಂದು ಕೇಳಿದ್ದೆ. ಕೇಳಿ ಸಂತೋಷಪಟ್ಟಿರಲಿಲ್ಲ.

ಭಾನುವಾರ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ಅವನ ಬಾಗಿಲಿಗೆ ಹೋದ ಮೇಲೆ ಒಂದೂ ನೆನಪಾಗಲಿಲ್ಲ.

"ಓಹೋ, ಹದಡಿ ಇಂಜಿನಿಯರ್ ಸಾಹೇಬ್ರು" ಅಂದ ಮಹಬೂಬ. ಎದ್ದೇಳಲಿಲ್ಲ. "ದಾರಿ ತಪ್ಪಿ ಬಂದ್ರಾ?"

"ಡಿಸ್ಕ್ ಬೇಕಾಗಿತ್ತು" ಎಂದು ವಿಷಯ ಹೇಳಿದೆ. ವಿಭೂತಿಯ ಕಥೆ ಕೇಳಿ ಅವನು ಕೆಮ್ಮು ಬರುವ ತನಕ ನಕ್ಕ. ಆಮೇಲೆ ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಒಂದು ಮಶೀನನ್ನು ನನ್ನ ಮುಂದೆ ತಳ್ಳಿದ.

"ಡಿಸ್ಕ್ ಮಾತು ಆಮೇಲೆ. ಈ ಬೆಸುಗೆ ನಂದು. ಹೆಂಗೈತೆ ಹೇಳು."

ನೋಡಿದೆ. ಸಾಸಿವೆ ಕಾಳು ಜೋಡಿಸಿಟ್ಟ ಹಾಗೆ ಇತ್ತು. ಹಾಳಾದವನು ಕೆಲಸಗಾರನೇ.

"ಪರವಾಗಿಲ್ಲ."

"ಪರವಾಗಿಲ್ವಾ? ಹಂಗಾರೆ ಡಿಸ್ಕೂ ಇಲ್ಲೇ ಇರ್ಲಿ, ಪರವಾಗಿಲ್ಲ."

"ಚೆನ್ನಾಗೈತೆ."

"ಯಾರಿಗಿಂತ?"

ನನಗಿಂತ ಅನ್ನಲು ನಾಲಗೆ ಏಳಲಿಲ್ಲ. ಈಗಲೂ ಏಳುವುದಿಲ್ಲ. "ಉಸ್ತಾದರ ಕೈ ಬಂದೈತೆ ನಿಂಗೆ" ಎಂದೆ. ಮಹಬೂಬ ಮಶೀನನ್ನು ಹಿಂದಕ್ಕೆ ಎಳೆದುಕೊಂಡು, "ಚಾ ಕುಡಿತೀಯಾ?" ಅಂದ. ಚಹಾ ಮುಗಿದ ಮೇಲೆ, "ನನ್ನ ಡಿಸ್ಕನ್ನ ನಿಮ್ಮ ಬಸವರಾಜನ ಟವೆಲ್ ಇರೋ ಊರಿಗೆ ಒಂದನ್ನೇ ಕಳ್ಸಲ್ಲ. ನಾಳೆ ಕರ್ಕೊಂಡು ನಾನೇ ಬರ್ತೀನಿ" ಅಂದ.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಮೆಣಸಿನಕಾಯಿ ಗಾಡಿ ಬಂದು ನಿಂತಿತ್ತು. ಹಮಾಲರು ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಒಳಗೆ ಯಜಮಾನರು ಕುರ್ಚಿಯಲ್ಲಿ, ಬಸವರಾಜ ಗೋಡೆಗೆ ಅಂಟಿಕೊಂಡು, ಪ್ರಕಾಶ ಕ್ಲಾಸು ತಪ್ಪಿಸಿಕೊಂಡು ಟಿವಿಯ ಮುಂದೆ. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಹರಿಹರದ ಬಸ್ಸುಗಳು ಬಂದು ಬಂದು ಹೋದವು. ಯಜಮಾನರು ಎದ್ದು ಹಮಾಲರ ಕಡೆ ಕೈ ಎತ್ತಬೇಕು ಅನ್ನುವಾಗ ಮಹಬೂಬ ಬಂದ. ಅಂಗಿಯ ಒಳಗಿನಿಂದ ಡಿಸ್ಕ್ ತೆಗೆದ. ಬಸವರಾಜ ಕೈ ಚಾಚಿದ.

"ನೀವ್ ದೂರ ನಿಲ್ರಿ ಸಾಹೇಬ್ರೆ" ಅಂದ ಮಹಬೂಬ.

ಡಿಸ್ಕ್ ಹಾಕಿ, ಮಶೀನು ಮಗುಚಿ, ಮೆಮೊರಿ ಕಾರ್ಡಿನಲ್ಲಿ ಉಳಿಸಿಟ್ಟಿದ್ದ ಜಾಗದಿಂದ ಆಟ ಎತ್ತಿಕೊಂಡೆವು. ಪ್ರಕಾಶ ಓಣಿ ದಾಟಿದ. ಸಾಮಾನು ಯಂತ್ರಕ್ಕೆ ಹಾಕಿ ಗುಂಡಿ ತಿರುವಿದ. ಯಂತ್ರ ಗುಂಯ್ ಅಂದಿತು. ಯಾರೂ ಸೀನಲಿಲ್ಲ. ಮೆಟ್ಟಿಲಿನ ಹಮಾಲರೂ ಬಾಗಿಲಿಗೆ ಬಂದು ನಿಂತಿದ್ದರು. ಚಿತ್ರ ನಿಲ್ಲಲಿಲ್ಲ. ಶೀಷೆ ತುಂಬಿತು. ಪ್ರಕಾಶ ಅದನ್ನು ಎತ್ತಿಕೊಂಡು ಓಡಿ, ಹಾಸಿಗೆಯ ಹತ್ತಿರ ಹೋಗಿ ಕುಡಿಸಿದ. ಆಕೆ ಕಣ್ಣು ಬಿಟ್ಟಳು. ಎದ್ದು ಕೂತಳು.

"ಎದ್ಲು" ಅಂದರು ಯಜಮಾನರು, ಬಹಳ ಮೆಲ್ಲಗೆ.

"ಅಪ್ಪಾಜಿ, ಹಂಗಾರೆ ಅಂಗಡಿ?" ಬಸವರಾಜ ಕೇಳಿದ.

"ಇರ್ಲಿ ಅಂದಿದ್ನಲ್ಲ, ಅದೇನ್ ಮತ್ತೆ ಕೇಳ್ತಿ?"

ಅಷ್ಟರಲ್ಲಿ ಪ್ರಕಾಶ ಖುಷಿಯಲ್ಲಿ ಆ ಕೋಣೆಯ ಬಾಗಿಲು ತೆಗೆದು ಬೀದಿಗಿಳಿದು, ಎದುರಿಗೆ ಬಂದವನಿಗೆ ಗುಂಡು ಹೊಡೆದ.

"ಯಾಕಪಾ ಹೊಡ್ದಿ ಅವನ್ನ?"

"ಸೋಂಕು ತಗುಲೈತಲ್ಲ ಅಜ್ಜಾರೆ ಅವನಿಗೆ."

"ಈಕಿಗೂ ತಗುಲಿತ್ತಲ್ಲ."

ಪ್ರಕಾಶ ನನ್ನ ಮುಖ ನೋಡಿದ. ನಾನು ಮಹಬೂಬನ ಮುಖ ನೋಡಿದೆ.

"ಯಂತ್ರ ಐತೆ. ಗುಂಡಿ ತಿರುವೋದು ನಿಂಗೆ ಬರ್ತೈತೆ. ವಾಪಸ್ ಹೋಗು. ಊರಿಗೆಲ್ಲ ಆಗೋವಷ್ಟು ಮಾಡು" ಅಂದರು ಯಜಮಾನರು.

"ಒಂದೇ ಶೀಷೆ ಬರೋದು ಅಜ್ಜಾರೆ. ಅಷ್ಟೇ ಇಟ್ಟಾರೆ."

"ಹೋಗಿ ನೋಡು."

ಆ ಮಾತು ಮೀರುವ ಹಾಗಿರಲಿಲ್ಲ. ಪ್ರಕಾಶ ಗುಂಡು ಹಾರಿಸದೆ, ಸತ್ತವರ ನಡುವೆ ನುಸುಳಿ, ಎರಡು ಕಡೆ ಕಚ್ಚಿಸಿಕೊಂಡು, ವಾಪಸ್ ಯಂತ್ರದ ಹತ್ತಿರ ಹೋದ. ಗುಂಡಿ ಒತ್ತಿದ. ಯಂತ್ರ ಜಪಾನಿಯಲ್ಲಿ ಒಂದು ಸಾಲು ತೋರಿಸಿ ಸುಮ್ಮನಾಯಿತು. ಮತ್ತೆ ಒತ್ತಿದ. ಅದೇ ಸಾಲು.

"ಯಾರು ಮಾಡಿದ್ದು ಈ ಆಟ?"

"ಜಪಾನಿನೋರು ಯಜಮಾನ್ರೆ" ಅಂದ ಮಹಬೂಬ.

"ಬಾಳ ಜಿಪುಣರು" ಅಂದರು ಯಜಮಾನರು. ಮಂಡಿಪೇಟೆಯ ಸಗಟು ವ್ಯಾಪಾರಿಯ ಬಾಯಲ್ಲಿ ಈ ಮಾತು ಬಂದದ್ದಕ್ಕೆ ಬಸವರಾಜ ಬಾಯಿ ತೆರೆದವನು ಮುಚ್ಚಲು ಮರೆತ. ಹೊರಗೆ ಹೋಗುತ್ತ ಹಮಾಲರಿಗೆ ಗಾಡಿಯನ್ನು ಬೇರೆ ಗೋದಾಮಿಗೆ ಹೊಡೆಯಲು ಹೇಳಿದರು.

ಅಂಗಡಿ ಉಳಿಯಿತು. ಮಹಬೂಬನ ಜೊತೆ ಮಾತೂ ಉಳಿಯಿತು. ಬೆಸುಗೆಯ ವಿಷಯ ಬಂದಾಗ ಮಾತ್ರ ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತೇವೆ. ಪ್ರಕಾಶ ಮರುವರ್ಷ ಪಾಸಾದ. ಅದರಲ್ಲಿ ನಮ್ಮ ಯಂತ್ರದ ಪಾಲಿಲ್ಲ. ಮುಂದೆ ಎಷ್ಟೋ ಆಟ ಬಂದವು, ಡಿಸ್ಕು ಹೋಗಿ ಹಾರ್ಡ್‌ಡಿಸ್ಕ್ ಬಂತು, ಈಗ ಆಟ ಗಾಳಿಯಲ್ಲೇ ಇಳಿದುಬರುತ್ತದೆ, ಒರೆಸುವ ಕೆಲಸವೇ ಇಲ್ಲ. ನಿಮಗೆ ಸುಲಭ.

ಯಜಮಾನರು ಬದುಕಿರುವವರೆಗೆ ಸೋಮವಾರ ದೇವಸ್ಥಾನದಿಂದ ನೇರ ನಮ್ಮಲ್ಲಿಗೆ ಬರುತ್ತಿದ್ದರು. ಶೀಷೆ ಕೈಯಲ್ಲಿದ್ದು, ಇನ್ನೂ ಕುಡಿಸಿರದ ಜಾಗವನ್ನು ಕಾರ್ಡಿನಲ್ಲಿ ಅವರಿಗಾಗಿ ಬೇರೆಯೇ ಉಳಿಸಿಟ್ಟಿದ್ದೆ. ಒತ್ತಬೇಕಾದ ಗುಂಡಿ ತೋರಿಸಿಕೊಟ್ಟಿದ್ದೆ. ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಅದನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತಿದ್ದರು. ಆಕೆ ಕಣ್ಣು ಬಿಟ್ಟು ಎದ್ದು ಕೂರುತ್ತಿದ್ದಳು. ಅವಳು ಬಾಗಿಲ ಕಡೆ ತಿರುಗುವ ಮೊದಲೇ, "ಸಾಕು, ಆರ್ಸು" ಅನ್ನುತ್ತಿದ್ದರು. ನಾನು ಆರಿಸುತ್ತಿದ್ದೆ.